ಇಪ್ಪತ್ತೊಂದು ವರ್ಷ ಮುಂಗಡ

ಬ್ಯಾಂಕಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಅರವತ್ತೊಂಬತ್ತು ವರ್ಷ ನಾಲ್ಕು ತಿಂಗಳು ಸಾರ್" ಎಂದಳು.

ಫೋಟೋ ಮಾಮನಿಗೆ ಮೊದಲು ಅದೇನೆಂದು ಅರ್ಥವಾಗಲಿಲ್ಲ. ಮುಪ್ಪಿನ ಕಾಲಕ್ಕೆ ಔಷಧಿಗೆ, ಊಟಕ್ಕೆ, ಒಂದಿಷ್ಟು ಸುಖಕ್ಕೆ ಹಣ ಹೇಗೆ ಹೊಂದಿಸಿಕೊಳ್ಳಬೇಕು ಎಂದು ಕೇಳಲು ಅವನು ಬಂದಿದ್ದ. ಬ್ಯಾಂಕಿನವರು ಆ ಸಲಹೆಯನ್ನು ಪುಕ್ಕಟೆ ಕೊಡುತ್ತಾರೆಂದು ಬಾಗಿಲ ಮೇಲೆ ಬರೆದಿತ್ತು. ಹುಡುಗಿ ಅವನ ವಯಸ್ಸು, ಉಳಿತಾಯ, ಬಾಡಿಗೆ, ಮಂಡಿಯ ಮುಲಾಮು ಎಲ್ಲವನ್ನೂ ಕೇಳಿ ಟೈಪ್ ಮಾಡಿಕೊಂಡಿದ್ದಳು.

"ನಿಮ್ಮ ದುಡ್ಡು ಅಲ್ಲೀವರೆಗೂ ಬರುತ್ತೆ ಸಾರ್," ಎಂದು ಅವಳು ಬಿಡಿಸಿ ಹೇಳಿದಳು.

"ಆಮೇಲೆ?"

"ಆಮೇಲೆ ಖರ್ಚು ಕಡಿಮೆ ಮಾಡ್ಕೋಬೇಕಾಗುತ್ತೆ."

"ಎಷ್ಟು ಕಡಿಮೆ?"

ಹುಡುಗಿ ಇನ್ನೊಂದು ಸಲ ಪರದೆ ನೋಡಿದಳು. "ಪೂರ್ತಿ," ಎಂದಳು.

ಅವನಿಗೆ ಈಗ ಅರವತ್ತೊಂದು. ಮೂವತ್ತೆಂಟು ವರ್ಷ ಒಂದೇ ಬೀದಿಯಲ್ಲಿ ಫೋಟೋ ಸ್ಟುಡಿಯೋ ನಡೆಸಿದ್ದ. ಬೀದಿಯ ಮಕ್ಕಳೆಲ್ಲ ಫೋಟೋ ಮಾಮ ಎಂದು ಕರೆದು ಕರೆದು, ಅವರ ಅಪ್ಪಂದಿರೂ ಹಾಗೇ ಕರೆಯತೊಡಗಿದ್ದರು. ಜನರ ಜೇಬುಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಹೆಂಡತಿ ಮಕ್ಕಳೆಂಬ ತಾಪತ್ರಯ ಅವನಿಗಿರಲಿಲ್ಲ. ಉಳಿಸಿದ್ದು ಹನ್ನೊಂದು ಲಕ್ಷ. ಅದು ಸಾಕೆಂದೇ ಅವನು ನಂಬಿದ್ದ.

ಮನೆಗೆ ನಡೆಯುತ್ತಾ ಅವನನ್ನು ಕೊರೆಯುತ್ತಿದ್ದುದು ದುಡ್ಡಿಗಿಂತ ಹೆಚ್ಚಾಗಿ ಅವನ ವಂಶ. ಅಪ್ಪ ತೊಂಬತ್ತಮೂರು. ಅಜ್ಜಿ ತೊಂಬತ್ತೇಳು. ಚಿಕ್ಕಪ್ಪ ತೊಂಬತ್ತರಲ್ಲಿ ಹೋದದ್ದೂ ಕಾಯಿಲೆಯಿಂದಲ್ಲ, ಸೈಕಲ್ಲಿನಿಂದ ಬಿದ್ದು. ಅವರ ಮನೆತನದಲ್ಲಿ ಹೊತ್ತಿಗೆ ಸರಿಯಾಗಿ ಸಾಯುವ ಅಭ್ಯಾಸ ಯಾರಿಗೂ ಇರಲಿಲ್ಲ. ಅವನೂ ಕಲ್ಲುಗುಂಡಿನ ಹಾಗಿದ್ದ. ಬಾಯಲ್ಲಿ ಇಪ್ಪತ್ತೆಂಟು ಹಲ್ಲು, ಎಲ್ಲವೂ ಸ್ವಂತದ್ದು. ಅಂದರೆ ಅರವತ್ತೊಂಬತ್ತರಿಂದ ತೊಂಬತ್ತಮೂರರವರೆಗೆ, ಕಡಿಮೆಯೆಂದರೂ ಇಪ್ಪತ್ನಾಲ್ಕು ವರ್ಷ, ಗಾಳಿ ಕುಡಿದುಕೊಂಡು ಬದುಕಬೇಕು.

ಬ್ಯಾಂಕಿನಲ್ಲಿ ಹುಡುಗಿ ಅವನ ಕೈಗೆ ಒಂದು ಬಣ್ಣದ ಹಾಳೆ ತುರುಕಿದ್ದಳು. ಊರಿನ ಇನ್ನೊಂದು ತುದಿಯಲ್ಲಿದ್ದ ಹಿರಿಯರ ನಿವಾಸದ ಜಾಹೀರಾತು ಅದು. ಒಂದೇ ಸಲ ಹಣ ಕಟ್ಟಿದರೆ ಸಾಕು, ಬದುಕಿರುವಷ್ಟು ಕಾಲ ಕೋಣೆ, ಊಟ, ಡಾಕ್ಟರು, ಔಷಧಿ, ಕನ್ನಡಕ, ಎಲ್ಲವೂ ಅವರದೇ. ಸಂಜೆ ಟೀ ಜೊತೆ ಎರಡು ಬಗೆಯ ಬಿಸ್ಕತ್ತು. ಮಂಡಿ ನೋವಿನವರಿಗೆ ಬೆಚ್ಚನೆ ನೀರಿನ ಕೊಳ. ಚಿತ್ರದಲ್ಲಿ ಆ ಕೊಳದೊಳಗೆ ಕುತ್ತಿಗೆವರೆಗೆ ಮುಳುಗಿದ ಮುದುಕನೊಬ್ಬ ನಗುತ್ತಿದ್ದ. ಮೂವತ್ತೆಂಟು ವರ್ಷ ಜನರನ್ನು ನಗಿಸಿ ಫೋಟೋ ತೆಗೆದವನಿಗೆ ಆ ನಗು ನಿಜವಾದದ್ದೆಂದು ಒಂದೇ ನೋಟಕ್ಕೆ ತಿಳಿಯಿತು.

ಹಾಳೆಯ ಹಿಂಬದಿಯಲ್ಲಿ ಒಂದು ಪಟ್ಟಿ ಇತ್ತು. ಅರವತ್ತೊಂದಕ್ಕೆ ಸೇರುವವರು ನಲವತ್ತೆಂಟು ಲಕ್ಷ ಕಟ್ಟಬೇಕು. ಎಪ್ಪತ್ತಕ್ಕೆ ಮೂವತ್ತು. ವಯಸ್ಸು ಏರಿದಷ್ಟೂ ಮೊತ್ತ ಇಳಿಯುತ್ತಾ ಹೋಗಿ, ಎಂಬತ್ತೆರಡಕ್ಕೆ ಬರುವ ಹೊತ್ತಿಗೆ ಒಂಬತ್ತೂವರೆಯಾಗಿತ್ತು. ಉಳಿದ ಆಯುಸ್ಸು ಕಡಿಮೆಯಾದಷ್ಟೂ ಬಿಸ್ಕತ್ತು ಕಡಿಮೆ ಎಂಬುದು ಅವರ ಲೆಕ್ಕ.

ಫೋಟೋ ಮಾಮ ದಾರಿಯ ಮಧ್ಯೆಯೇ ನಿಂತ. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಹೋದ.

ಅವನು ಕಳ್ಳನಲ್ಲ. ಇದು ಕಳ್ಳತನವೂ ಅಲ್ಲ ಎಂದು ಆ ಸಂಜೆಯೇ ಅವನು ತೀರ್ಮಾನಿಸಿದ. ಎಂಬತ್ತೆರಡು ವರ್ಷ ಅವನಿಗೆ ಆಗಿಯೇ ಆಗುತ್ತದೆ, ಅವನ ವಂಶದಲ್ಲಿ ಅದನ್ನು ತಪ್ಪಿಸಿಕೊಂಡವರಿಲ್ಲ. ಹೇಗೂ ಬರಲಿರುವ ಇಪ್ಪತ್ತೊಂದು ವರ್ಷಗಳನ್ನು ಅವನು ಮುಂಗಡವಾಗಿ ತೆಗೆದುಕೊಳ್ಳುತ್ತಿದ್ದಾನೆ, ಅಷ್ಟೆ.

ಅವನ ತಂಗಿ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಅವನಿಗಿಂತ ಎರಡು ವರ್ಷ ಚಿಕ್ಕವಳು, ನಾಲಿಗೆಯಲ್ಲಿ ಮಾತ್ರ ಎಂದೂ ಚಿಕ್ಕವಳಾಗಿದ್ದವಳಲ್ಲ. ನಿವಾಸದ ಅರ್ಜಿಗೆ ಮಗನೋ ಮಗಳೋ ಸಹಿ ಹಾಕಬೇಕಿತ್ತು. ಎಂಬತ್ತೆರಡರ ಮುದುಕನಿಗೆ ಐವತ್ತೊಂಬತ್ತರ ಮಗಳು ಸರಿಯಾಗಿ ಹೊಂದುತ್ತಾಳೆ ಎಂದು ಅವನು ಲೆಕ್ಕ ಹಾಕಿದ್ದ.

"ನಾನು ನಿನ್ನ ಮಗಳಾ?" ಎಂದಳು ತಂಗಿ, ಮೆಷಿನ್ ನಿಲ್ಲಿಸಿ.

"ಪೇಪರಿನ ಮೇಲೆ."

"ನಿನ್ನನ್ನ ಅಪ್ಪಾ ಅಂತ ಬೇರೆ ಕರೀಬೇಕಾ?"

"ಮೂರು ಸಲ ಸಾಕು. ಅರ್ಜಿ ಕೊಡುವಾಗ ಒಂದು, ಡಾಕ್ಟರ್ ಹತ್ರ ಒಂದು, ಸಹಿ ಹಾಕುವಾಗ ಒಂದು."

"ಈ ಮುಖಕ್ಕೆ ಅಪ್ಪ ಅನ್ನಿಸಿಕೊಳ್ಳೋದೊಂದು ಕೇಡು."

"ಆಯ್ತು ಬಿಡು. ನನಗೆ ಅರವತ್ತೊಂಬತ್ತು ವರ್ಷ ನಾಲ್ಕು ತಿಂಗಳಾಗಿ ದುಡ್ಡು ಮುಗಿದ ಮೇಲೆ ನಿಮ್ಮನೆ ಹಾಲಲ್ಲಿ ಮಲಗ್ತೀನಿ. ನನ್ನ ಗೊರಕೆ ನಿನಗೆ ಗೊತ್ತೇ ಇದೆ."

ತಂಗಿ ಸೂಜಿಗೆ ದಾರ ಪೋಣಿಸಿದಳು. ದಾರ ಎರಡು ಸಲ ತಪ್ಪಿತು. ಮೂರನೆಯ ಸಲ ಒಳಗೆ ಹೋದ ಮೇಲೆ, "ಹೂಂ, ಅಪ್ಪಾ," ಎಂದಳು.

ಆಮೇಲಿನ ನಾಲ್ಕು ತಿಂಗಳು ಅವನ ಬದುಕಿನ ಅತ್ಯಂತ ಶಿಸ್ತಿನ ತಿಂಗಳುಗಳು. ಇಷ್ಟು ವರ್ಷ ಅವನು ಕುಂಚದ ತುದಿಯಿಂದ ಬೇರೆಯವರ ಸುಕ್ಕುಗಳನ್ನು ಅಳಿಸಿದ್ದ. ಯಾವ ಸುಕ್ಕು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ಅವನಿಗೆ ತನ್ನ ಬೀದಿಯಷ್ಟೇ ಚೆನ್ನಾಗಿ ಗೊತ್ತಿತ್ತು. ಈಗ ಅವನ್ನೆಲ್ಲ ಒಂದೊಂದಾಗಿ ತನ್ನ ಮುಖಕ್ಕೇ ಹಾಕಿಕೊಂಡ. ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದ. ಕಿವಿಯ ಕೂದಲು ಕತ್ತರಿಸುವುದನ್ನೂ ನಿಲ್ಲಿಸಿದ. ಮುದುಕರ ವೇಷ ಹಾಕುವವರು ಮುಖ ನೋಡಿಕೊಳ್ಳುತ್ತಾರೆ, ಕೈ ಮರೆಯುತ್ತಾರೆ. ಅವನು ಮರೆಯಲಿಲ್ಲ. ಮುಂಗೈ ಮೇಲೆ ತೆಳುವಾದ ಕಂದು ಚುಕ್ಕೆಗಳನ್ನು ಇಟ್ಟ, ಎಡಗೈಗೆ ಏಳು, ಬಲಗೈಗೆ ಒಂಬತ್ತು. ಎರಡೂ ಕೈಗೆ ಸಮ ಇಟ್ಟರೆ ಯಾರಾದರೂ ಅನುಮಾನ ಪಡಬಹುದು.

ಬೆಳಗಿನ ಹೊತ್ತು ಪಾರ್ಕಿನ ಬೆಂಚಿನ ಮೇಲೆ ನೋಟ್‌ಬುಕ್ ಹಿಡಿದು ಕುಳಿತು ಮುದುಕರನ್ನು ನೋಡಿದ. ಅವರು ಮಾತಾಡುವವರ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಏನಾದರೂ ಕೇಳಿದರೆ ಮೊದಲು 'ಆಂ?' ಎಂದು, ಆಮೇಲೆ ನೀವು ಇನ್ನೊಮ್ಮೆ ಹೇಳುವ ಮೊದಲೇ ಉತ್ತರ ಕೊಡುತ್ತಾರೆ. ಕುರ್ಚಿಯ ಕೊನೆಯ ಮೂರು ಇಂಚು ಅವರು ಕೂರುವುದಿಲ್ಲ, ಬೀಳುತ್ತಾರೆ. ಇದೆಲ್ಲವನ್ನೂ ಬರೆದುಕೊಂಡು, ಮುಚ್ಚಿದ ಸ್ಟುಡಿಯೋದ ದೊಡ್ಡ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಬೆನ್ನು ಮಾತ್ರ ಬಹಳ ದಿನ ಹಿಡಿಯಿತು. ನಿಂತಾಗ ತನ್ನ ಚಪ್ಪಲಿಯ ತುದಿ ಕಾಣಬೇಕು, ಚಪ್ಪಲಿಯ ಬಾರು ಕಾಣಬಾರದು. ಅಷ್ಟೇ ಬಾಗು. ಆ ಬಾಗಿನಲ್ಲೇ ಊರುಗೋಲು ಹಿಡಿದು ತರಕಾರಿ ತಂದ, ಆ ಬಾಗಿನಲ್ಲೇ ಹಲ್ಲುಜ್ಜಿದ, ಕೊನೆಗೆ ಆ ಬಾಗಿನಲ್ಲೇ ನಿದ್ದೆಯೂ ಬಂತು.

ಹಲ್ಲಿನದೇ ದೊಡ್ಡ ಪೀಕಲಾಟ. ಎಂಬತ್ತೆರಡಕ್ಕೆ ಇಪ್ಪತ್ತೆಂಟು ಹಲ್ಲು ಯಾರೂ ನಂಬುವುದಿಲ್ಲ. ಕೀಳಿಸಲು ಮನಸ್ಸು ಬರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಉಪಾಯ ಹೊಳೆಯಿತು. ಹಲ್ಲಿನ ಸೆಟ್ಟು ಮಾಡುವವನೊಬ್ಬನ ಅಂಗಡಿಯಲ್ಲಿ ಯಾರೋ ಮಾಡಿಸಿ ಬಿಟ್ಟುಹೋದ ಸೆಟ್ಟು ಸಿಕ್ಕಿತು. ಅದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡ. ಯಾರಾದರೂ ಅವನ ಬಾಯಿ ನೋಡಿದರೆ, ಡಬ್ಬಿ ತೆರೆದು ತೋರಿಸಿ, "ಇದು ಇನ್ನೊಂದು ಜೊತೆ" ಎನ್ನುವುದು. ಜೇಬಿನಲ್ಲಿ ಒಂದು ಜೊತೆ ಹಲ್ಲು ಇಟ್ಟುಕೊಂಡವನ ಬಾಯಲ್ಲಿರುವುದು ಸ್ವಂತದ್ದೆಂದು ಯಾರಿಗೆ ತಾನೇ ಅನ್ನಿಸೀತು?

ಫಲ ಬೇಗ ಕಾಣಿಸಿತು. ಬಸ್ಸಿನಲ್ಲಿ ಅರವತ್ತೈದರ ಆಸುಪಾಸಿನ ಒಬ್ಬರು ಎದ್ದು, "ಕೂತ್ಕೊಳ್ಳಿ ಯಜಮಾನ್ರೇ" ಎಂದು ಜಾಗ ಬಿಟ್ಟರು. ಅವರ ಮಂಡಿ ಕಟಕಟ ಎಂದದ್ದು ಅವನಿಗೆ ಕೇಳಿಸಿತು. ಅವನು ಕೊನೆಯ ಮೂರು ಇಂಚು ಬಿದ್ದು ಕೂತ. ಒಂದು ಕ್ಷಣ ನಾಚಿಕೆಯಾಯಿತು. ಕಿಟಕಿಯ ಪಕ್ಕದ ಸೀಟಾದ್ದರಿಂದ ಅದು ಬೇಗ ಹೋಯಿತು.

ಕಾಗದಗಳನ್ನು ಅವನೇ ತಯಾರಿಸಿದ. ಹಳೆಯ ಫೋಟೋಗಳನ್ನು ಹೊಸದು ಮಾಡುತ್ತಿದ್ದವನಿಗೆ ಹೊಸ ಕಾಗದವನ್ನು ಹಳೆಯದು ಮಾಡುವುದು ಕಷ್ಟವಾಗಲಿಲ್ಲ. ನಿವಾಸದ ಮ್ಯಾನೇಜರ್ ಕುಟುಂಬದ ಫೋಟೋ ಇದ್ದರೆ ತನ್ನಿ ಎಂದಿದ್ದಳು, ಕೋಣೆಯ ಗೋಡೆಗೆ ಹಾಕಲು. ಅವನು ಅಪ್ಪ ಅಮ್ಮನ ಫೋಟೋವನ್ನೇ ಚೌಕಟ್ಟು ಹಾಕಿಸಿದ. ಅವನ ಮುಖ ಅಪ್ಪನದ್ದೇ ಅಚ್ಚು, ತಿದ್ದುವ ಅಗತ್ಯವೇ ಬೀಳಲಿಲ್ಲ.

"ಅಮ್ಮನ ಪಕ್ಕ ನೀನು ಅಂತ ಹೇಳ್ತೀಯಾ?" ಎಂದಳು ತಂಗಿ.

"ಅವಳು ಈಗ ನಿನ್ನ ಅಮ್ಮ ಮಾತ್ರ. ನನ್ನ ಹೆಂಡತಿ."

"ಥೂ. ಇದನ್ನ ಅಮ್ಮ ಕೇಳಿಸಿಕೊಂಡಿದ್ರೆ ಸೌಟು ತಗೊಂಡು ಬರ್ತಿದ್ಳು."

ಆದರೂ ಅವಳು ದಿನಾ ಸಂಜೆ ಬಂದು ಅಭ್ಯಾಸ ಮಾಡಿಸಿದಳು. ಅಪ್ಪ ಎಂಬ ಮಾತು ಅವಳ ಬಾಯಲ್ಲಿ ಮೊದಲು ಕಲ್ಲಿನ ಹಾಗೆ ಹೊರಳುತ್ತಿತ್ತು, ಎರಡು ವಾರದಲ್ಲಿ ಸಲೀಸಾಯಿತು, ಆಮೇಲೆ ಅವಳು ಅದರ ಲಾಭ ಪಡೆಯತೊಡಗಿದಳು. "ಅಪ್ಪಾ, ಮಗಳಿಗೆ ಒಂದು ಹೊಸ ಮೆಷಿನ್ ಕೊಡಿಸಲ್ವಾ?" "ಅಪ್ಪಾ, ಮಗಳು ಬಂದಾಗ ಟೀ ಮಾಡೋ ಪದ್ಧತಿ ಇಲ್ವಾ ನಿಮ್ಮನೇಲಿ?" ಅವನು ಟೀ ಮಾಡಿದ. ಒಮ್ಮೆ ಅವನು ಕಾಲು ಅಲ್ಲಾಡಿಸುತ್ತಾ ಪೇಪರು ಓದುತ್ತಿದ್ದಾಗ ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಏನೆಂದು ಕೇಳಿದರೆ, "ಏನಿಲ್ಲ. ಅಪ್ಪ ಹೀಗೇ ಕೂರ್ತಿದ್ದ" ಎಂದಳು. ಆ ದಿನ ಅವಳೇ ಟೀ ಮಾಡಿದಳು.

ಫೋಟೋ ಮಾಮನ ಭಯವೆಲ್ಲ ಅವಳ ಮೇಲೇ ಇತ್ತು. ಐವತ್ತೊಂಬತ್ತು ವರ್ಷ ಅಣ್ಣಾ ಎಂದ ನಾಲಿಗೆ ಒಂದು ಸಲ ಜಾರಿದರೆ ಮುಗಿಯಿತು. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ತಪ್ಪು ಮಾಹಿತಿ ಕೊಟ್ಟರೆ ಕಟ್ಟಿದ ಹಣ ಹಿಂದಿರುಗಿಸಲಾಗದು ಎಂದು ಬರೆದಿತ್ತು. ಅದಕ್ಕಾಗಿ ಅವಳನ್ನು ಅಡ್ಡಾದಿಡ್ಡಿ ಪ್ರಶ್ನೆ ಕೇಳಿ ಪಳಗಿಸಿದ. ಹಿಂದಿನಿಂದ ಬಂದು ಬೆಚ್ಚಿಬೀಳಿಸಿದರೂ ಅವಳು "ಅಯ್ಯೋ ಅಪ್ಪಾ" ಎನ್ನುವಂತಾದ ಮೇಲೆ ಅವನಿಗೆ ಸಮಾಧಾನವಾಯಿತು. ಸ್ವಂತ ಗಂಡನ ಮುಂದೆಯೇ ಅವಳು ಒಂದು ದಿನ ಅವನನ್ನು ಅಪ್ಪಾ ಎಂದಳಂತೆ. ಗಂಡ ಟಿವಿ ನೋಡುತ್ತಿದ್ದವನು ತಲೆ ಎತ್ತಲಿಲ್ಲವಂತೆ.

ಇನ್ನು ಉಳಿದದ್ದು ಗುರುತಿನವರು. ಇಲ್ಲೂ ಅವನು ಅದೃಷ್ಟವನ್ನು ನಂಬಲಿಲ್ಲ. ತನ್ನನ್ನು ಬಲ್ಲವರ ಪಟ್ಟಿ ಮಾಡಿದ. ಗಿರಾಕಿಗಳು, ಬೀದಿಯವರು, ಫಿಲಂ ಮಾರುತ್ತಿದ್ದವನು, ಕ್ಷೌರದವನು, ಒಟ್ಟು ನಲವತ್ಮೂರು ಮಂದಿ. ಪ್ರತಿಯೊಬ್ಬರ ಎದುರಿಗೂ ಅವರ ವಯಸ್ಸು, ಆರೋಗ್ಯ, ಮಕ್ಕಳು ನೋಡಿಕೊಳ್ಳುತ್ತಾರೋ ಇಲ್ಲವೋ ಎಂಬುದನ್ನು ಬರೆದ. ಎಲ್ಲರಿಗಿಂತ ದೊಡ್ಡವನಾದ ಕ್ಷೌರದವನಿಗೆ ಅರವತ್ತಾರು, ಅವನಿನ್ನೂ ಕತ್ತರಿ ಬಿಟ್ಟಿರಲಿಲ್ಲ. ಆ ನಲವತ್ಮೂರರಲ್ಲಿ ಒಬ್ಬರೂ ಮುಂದಿನ ಹತ್ತು ವರ್ಷ ನಿವಾಸದ ಕಡೆ ಸುಳಿಯುವಂತಿರಲಿಲ್ಲ. ಅಷ್ಟರಲ್ಲಿ ಅವನಿಗೇ ಎಪ್ಪತ್ತು ದಾಟಿರುತ್ತದೆ, ಅವರ ಕಣ್ಣು ಮಂಜಾಗಿರುತ್ತದೆ. ಪಟ್ಟಿಯನ್ನು ಮಡಚಿ ಒಲೆಗೆ ಹಾಕಿದ. ಕೆಲಸ ಇಷ್ಟು ಚೊಕ್ಕವಾಗಿ ಮಾಡಿದವರು ಜೈಲಿನಲ್ಲಿ ಒಬ್ಬರೂ ಇರಲಾರರು ಎಂದುಕೊಂಡ.

ಡಾಕ್ಟರ ತಪಾಸಣೆ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ನಿವಾಸದ ಡಾಕ್ಟರು ಇನ್ನೂ ಎಳೆಯ ಹುಡುಗ, ಕಣ್ಣು ರಿಪೋರ್ಟಿನ ಮೇಲೇ ಇತ್ತು.

"ತಾತ, ರಾತ್ರಿ ಎಷ್ಟು ಸಲ ಏಳ್ತೀರಾ?"

"ಆಂ? ನಾಲ್ಕು ಸಲ," ಎಂದ ಫೋಟೋ ಮಾಮ.

"ಹಲ್ಲು ಚೆನ್ನಾಗಿ ಕೂತಿದೆ. ಎಲ್ಲಿ ಮಾಡಿಸಿದ್ದು?"

ಅವನು ಡಬ್ಬಿ ತೆರೆದು ತೋರಿಸಿದ. "ಇದು ಇನ್ನೊಂದು ಜೊತೆ."

"ಅಪ್ಪ ಎರಡೂ ಜೊತೆ ಬಹಳ ಜೋಪಾನ ಮಾಡ್ತಾರೆ," ಎಂದಳು ತಂಗಿ, ಕೇಳದೆಯೇ. ಅವನು ಒಳಗೊಳಗೇ ಅವಳ ಬೆನ್ನು ತಟ್ಟಿದ.

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹುಬ್ಬೇರಿಸಿದ. "ಆಶ್ಚರ್ಯ ತಾತ. ನಿಮ್ಮ ಹೃದಯ ಅರವತ್ತರ ಹಾಗಿದೆ."

ಫೋಟೋ ಮಾಮನ ಎದೆ ಧಸಕ್ಕೆಂದಿತು. ಡಾಕ್ಟರು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇಲ್ಲ, ಈಗ ಎಂಬತ್ತರ ಹಾಗೇ ಬಡೀತಿದೆ" ಎಂದು ಬರೆದುಕೊಂಡ.

ಹಣ ಕಟ್ಟಿಯಾಯಿತು. ಒಂದೂವರೆ ಲಕ್ಷ ಕೈಯಲ್ಲುಳಿಯಿತು. ಅದನ್ನು ಸುಖಕ್ಕೆಂದು ತೆಗೆದಿಟ್ಟ: ತಂಗಿಗೆ ಹೊಸ ಮೆಷಿನ್, ತನಗೆ ಕೊಳದಲ್ಲಿ ಹಾಕಿಕೊಳ್ಳಲು ನೀಲಿ ಚಡ್ಡಿ. ಅಂಗಡಿಯವನು ಎಂಬತ್ತೆರಡರ ಮುದುಕನಿಗೆ ಈಜುಚಡ್ಡಿ ಕೊಡುತ್ತಾ ಮುಖ ಮುಖ ನೋಡಿದ. "ಮೊಮ್ಮಗನಿಗೆ," ಎಂದು ಫೋಟೋ ಮಾಮ ಹೇಳಿದ, ತನ್ನ ಸೊಂಟದ ಅಳತೆ ಕೊಟ್ಟು.

ಸಹಿಯ ದಿನ ಸಂಜೆ ನಾಲ್ಕಕ್ಕೆ ಅವರಿಬ್ಬರೂ ನಿವಾಸದಲ್ಲಿದ್ದರು. ಮ್ಯಾನೇಜರ್ ಚುರುಕಿನ ಹೆಂಗಸು, ನಡೆದರೆ ಬೀಗದ ಕೈಗೊಂಚಲು ಅವಳಿಗಿಂತ ಮೊದಲು ಸದ್ದು ಮಾಡುತ್ತಿತ್ತು. ಕಾಗದಗಳನ್ನು ಮೇಜಿನ ಮೇಲೆ ಹರಡಿದಳು. ಫೋಟೋ ಮಾಮ ಕೈ ಸ್ವಲ್ಪ ನಡುಗಿಸಿ ಸಹಿ ಹಾಕಿದ. ತಂಗಿ "ಇಲ್ಲೂ ಹಾಕಿ ಅಪ್ಪಾ" ಎಂದು ತೋರಿಸಿ, ತನ್ನದನ್ನೂ ಹಾಕಿದಳು. ಮೂರನೆಯ ಅಪ್ಪಾ. ಲೆಕ್ಕ ಮುಗಿಯಿತು.

ಮ್ಯಾನೇಜರಿನ ಸಹಿ ಒಂದು ಬಾಕಿ. ಅವಳು ಪೆನ್ನಿನ ಟೋಪಿ ತೆಗೆದವಳು, ಏನೋ ನೆನಪಾಗಿ ಮತ್ತೆ ಹಾಕಿದಳು. "ಟೀ ಹೊತ್ತಾಯ್ತು. ಎಲ್ಲರೂ ಹಾಲಲ್ಲಿ ಸೇರಿದ್ದಾರೆ. ಬನ್ನಿ ತಾತ, ಮೊದಲು ನಿಮ್ಮ ವಯಸ್ಸಿನವರ ಪರಿಚಯ ಮಾಡಿಸ್ತೀನಿ. ಸಹಿ ಎಲ್ಲಿ ಓಡಿಹೋಗುತ್ತೆ."

ಹಾಲು ವಿಶಾಲವಾಗಿತ್ತು. ಗೋಡೆಗುಂಟ ಮೆತ್ತೆಯ ಕುರ್ಚಿಗಳು, ಇಪ್ಪತ್ತು ಬಿಳಿ ತಲೆಗಳು, ತಟ್ಟೆಗಳಲ್ಲಿ ನಿಜವಾಗಿಯೂ ಎರಡು ಬಗೆಯ ಬಿಸ್ಕತ್ತು. ಗಾಜಿನ ಬಾಗಿಲಿನಾಚೆ ಕೊಳದ ಆವಿ ಕಾಣುತ್ತಿತ್ತು. ಫೋಟೋ ಮಾಮ ಬಾಗಿದ ಬೆನ್ನಿನೊಳಗೇ ಹಿಗ್ಗಿದ. ಮ್ಯಾನೇಜರ್ ಚಪ್ಪಾಳೆ ತಟ್ಟಿ, "ಎಲ್ಲರೂ ಇಲ್ಲಿ ಕೇಳಿ. ಇವರು ನಮ್ಮ ಹೊಸ ತಾತ. ಎಂಬತ್ತೆರಡು ವರ್ಷ" ಎಂದಳು.

ಕಿಟಕಿಯ ಪಕ್ಕ ಕೂತಿದ್ದ ಸಣ್ಣ ಆಳ್ತನದ ಅಜ್ಜಿಯೊಬ್ಬರು ಓದುತ್ತಿದ್ದ ಪತ್ರಿಕೆಯನ್ನು ಮಡಚಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ, ಪಕ್ಕದಲ್ಲಿದ್ದ ತಂಗಿಯನ್ನು ಒಮ್ಮೆ ನೋಡಿದರು. ಆಮೇಲೆ, ದನಿ ಏರಿಸದೆ, "ಬೆನ್ನು ನೆಟ್ಟಗೆ" ಎಂದರು.

ನಾಲ್ಕು ತಿಂಗಳ ಬಾಗು ಅರೆಗಳಿಗೆಯಲ್ಲಿ ಹೋಯಿತು. ಊರುಗೋಲು ನೆಲಕ್ಕೆ ಬಿತ್ತು. ಅವನ ಎರಡು ಕೈಗಳೂ ಅವನನ್ನು ಕೇಳದೆ ಬೆನ್ನ ಹಿಂದೆ ಹೋಗಿ ಕಟ್ಟಿಕೊಂಡವು. ಪಕ್ಕದಲ್ಲಿ ತಂಗಿಯೂ ಹಿಮ್ಮಡಿ ಜೋಡಿಸಿ ಕಂಬದ ಹಾಗೆ ನಿಂತಿದ್ದಳು.

"ಹದಿನೇಳರ ಮಗ್ಗಿ," ಎಂದರು ಅಜ್ಜಿ.

"ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ನಾಲ್ಕು," ಎಂದು ಫೋಟೋ ಮಾಮನ ಬಾಯಿ, ಅವನ ತಡೆಗೂ ಸಿಗದೆ, ಹಾಡತೊಡಗಿತು. ಐದರವರೆಗೆ ಓಡಿ ಆರಕ್ಕೆ ನಿಂತಿತು. ತಂಗಿ ತುಟಿ ಅಲ್ಲಾಡಿಸದೆ, "ನೂರಾ ಎರಡು, ಅಣ್ಣಾ" ಎಂದಳು.

"ಹೇಳಿಕೊಡೋದನ್ನ ಇವಳು ಇನ್ನೂ ಬಿಟ್ಟಿಲ್ಲ," ಎಂದು ಅಜ್ಜಿ ಮ್ಯಾನೇಜರಿಗೆ ದೂರು ಹೇಳುವಂತೆ ಹೇಳಿದರು. "ಇವನು ಮೂರನೇ ಕ್ಲಾಸು, ತಂಗಿ ಒಂದನೇ ಕ್ಲಾಸು. ಎರಡನ್ನೂ ಒಂದೇ ರೂಮಲ್ಲಿ ಕೂರಿಸಿ ನಾನೇ ಪಾಠ ಮಾಡ್ತಿದ್ದೆ."

ಆ ನಲವತ್ಮೂರು ಹೆಸರುಗಳಲ್ಲಿ ತನ್ನ ಜೊತೆಯವರಿದ್ದರು, ತನಗಿಂತ ಕಿರಿಯರಿದ್ದರು. ತಾನು ಚಡ್ಡಿ ಹಾಕುತ್ತಿದ್ದಾಗಲೇ ದೊಡ್ಡವರಾಗಿದ್ದವರನ್ನು ಫೋಟೋ ಮಾಮ ಎಂದೋ ಸತ್ತವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದ, ಹೊತ್ತು ಮೀರಿ ಬದುಕುವುದು ತನ್ನ ವಂಶಕ್ಕೆ ಮಾತ್ರ ಬರೆದದ್ದು ಎಂಬಂತೆ. ಅವರೆಲ್ಲ ಈಗ ಇದೇ ಹಾಲಿನಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿರುತ್ತಾರೆಂಬ ಸಣ್ಣ ಸಂಗತಿ ಅವನಿಗೆ ಹೊಳೆದಿರಲೇ ಇಲ್ಲ. ಮ್ಯಾನೇಜರ್ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ನೆಟ್ಟಗೆ ನಿಂತ ಹೊಸ ತಾತನನ್ನು ನೋಡಿದಳು. "ಆದ್ರೆ ಟೀಚರ್, ನಿಮಗೆ ಎಂಬತ್ತನಾಲ್ಕು. ಇವರು ನಿಮಗಿಂತ ಎರಡೇ ವರ್ಷ ಚಿಕ್ಕವರು," ಎಂದಳು ನಿಧಾನವಾಗಿ. ಟೀಚರ್ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ತೆಗೆದರು. "ಹೌದಾ?" ಎಂದರು. "ಹಾಗಾದ್ರೆ ಮೂರನೇ ಕ್ಲಾಸಿಗೆ ಬಹಳ ತಡವಾಗಿ ಸೇರಿದ್ದ ಅಂತ ಕಾಣುತ್ತೆ."